ಕಲ್ಲೋಳಿಯಿಂದ ಕಡಲಿಗೆ: ಸಣ್ಣ ಊರು, ದೊಡ್ಡ ಅಲೆ, ನಡುವೆ ಪ್ರವಾಸಿ

ಡಿಸೆಂಬರ್ ತಿಂಗಳು ಹತ್ತಿರವಾದಂತೆ ಘಟ್ಟ ಇಳಿದು ಬರುವ ಬಸ್ಸುಗಳ ಸಾಲು ಉದ್ದವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಜಿಲ್ಲೆಗಳಿಂದ ಶಾಲಾ ಮಕ್ಕಳು, ಸ್ತ್ರೀಶಕ್ತಿ ಸಂಘದ ಮಹಿಳೆಯರು, ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬರುವ ರೈತ ಕುಟುಂಬಗಳು ಗೋಕರ್ಣ, ಮುರ್ಡೇಶ್ವರ, ಕಾರವಾರ, ಮಲ್ಪೆಯ ದಾರಿ ಹಿಡಿಯುತ್ತವೆ. ಇವರಲ್ಲಿ ಹೆಚ್ಚಿನವರು ಕಡಲನ್ನು ನೋಡುವುದು ಅದೇ ಮೊದಲು. ಕರಾವಳಿಯ ನಮಗೆ ಇದು ವ್ಯಾಪಾರದ ಕಾಲ, ಕಿರಿಕಿರಿಯ ಕಾಲ, ಒಮ್ಮೊಮ್ಮೆ ಹೆಣ ಎತ್ತುವ ಕಾಲವೂ ಹೌದು. ಕರಾವಳಿ ಪ್ರವಾಸೋದ್ಯಮವನ್ನು ಬೆಳೆಸಬೇಕೆಂಬ ಮಾತು ಪ್ರತಿ ಸರ್ಕಾರದ ಬಾಯಲ್ಲೂ ಇದೆ. ಆದರೆ ಬರುವ ಪ್ರವಾಸಿ ಯಾರು, ಅವನ ಜೀವಕ್ಕೆ ಹೊಣೆ ಯಾರು, ಅವನು ಬಂದದ್ದರಿಂದ ತೀರದ ಬಡವನಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಕಡಿಮೆ. ಈ ಲೇಖನದ ಉದ್ದೇಶ ಆ ಉತ್ತರವನ್ನು ಹುಡುಕುವುದೇ ಆಗಿದೆ.

ಕಲ್ಲೋಳಿ ಎಲ್ಲಿದೆ?

ಉದಾಹರಣೆಗೆ ಒಂದೇ ಊರನ್ನು ತೆಗೆದುಕೊಳ್ಳೋಣ. ಕಲ್ಲೋಳಿ ಬೆಳಗಾವಿ ಜಿಲ್ಲೆಯ ಸಣ್ಣ ಪಟ್ಟಣ. ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಮೂಡಲಗಿ ತಾಲೂಕು ರಚನೆಯಾದ ಬಳಿಕ ಅಲ್ಲಿಗೆ ಸೇರಿತು. ರಟ್ಟರ ಕಾಲದ, 13ನೇ ಶತಮಾನದ ಆರಂಭದ ಜೈನ ಶಾಸನವಿರುವ ಹಳೆಯ ಊರು. ಇಂದು ಜನ ಅದನ್ನು ಗುರುತಿಸುವುದು ಮಾರುತಿ ದೇವಸ್ಥಾನದಿಂದ ಮತ್ತು ಕಬ್ಬಿನಿಂದ. ಘಟಪ್ರಭೆಯ ನೀರು, ಹಿಡಕಲ್ ಜಲಾಶಯ, ಕಾಲುವೆ, ಕಬ್ಬು, ಸಕ್ಕರೆ ಕಾರ್ಖಾನೆ: ಈ ಭಾಗದ ಬದುಕು ಇದರ ಸುತ್ತಲೇ ತಿರುಗುತ್ತದೆ. 2025ರ ನವೆಂಬರ್‌ನಲ್ಲಿ ಇದೇ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತು ಇಡೀ ರಾಜ್ಯದ ಗಮನ ಸೆಳೆದರು.

ಹತ್ತಿರದಲ್ಲೇ ಗೋಕಾಕ ಜಲಪಾತವಿದೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಈ ಜಾಗದಲ್ಲಿ 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ ತೆಗೆದು ಹತ್ತಿಯ ಗಿರಣಿ ನಡೆಸಿದರು. ಅಂದರೆ ಇಲ್ಲಿಯ ಜನ ನೀರನ್ನು ಅರಿಯದವರಲ್ಲ. ಹೊಳೆಯಲ್ಲಿ ಈಜಿದವರು, ಕಾಲುವೆಗೆ ಹಾರಿದವರು, ಬಾವಿಯಲ್ಲಿ ಮುಳುಗೆದ್ದವರು. 2019ರ ಆಗಸ್ಟ್‌ನ ಪ್ರವಾಹದಲ್ಲಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿದ್ದನ್ನು ಕಂಡವರು. ಆದರೆ ಅವರಿಗೆ ಕಡಲು ಗೊತ್ತಿಲ್ಲ. ಈ ಮಾತನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಗೋಕಾಕ, ಯರಗಟ್ಟಿ, ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಲು ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಈ ಹಾದಿ ಹೊಸತಲ್ಲ. ಗೋಕರ್ಣಕ್ಕೆ ಯಾತ್ರಿಕರು ಇದೇ ದಿಕ್ಕಿನಿಂದ ಶತಮಾನಗಳಿಂದ ಬಂದಿದ್ದಾರೆ. ನಮ್ಮ ಧರ್ಮಸಭೆಗೂ ಈ ನಂಟು ಇದೆ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದಲ್ಲಿ ಉತ್ತರ ಕನ್ನಡದ ಕಡಲ ತೀರವೂ ಸೇರಿತ್ತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಹೀಗೆ ಕಲ್ಲೋಳಿಯೂ ಕಾರವಾರವೂ ಎರಡು ದಶಕಗಳಿಗೂ ಹೆಚ್ಚು ಕಾಲ ಒಬ್ಬರೇ ಧರ್ಮಾಧ್ಯಕ್ಷರ ಆರೈಕೆಯಲ್ಲಿದ್ದವು.

ಈಗ ಬರುತ್ತಿರುವವರು ಯಾರು?

ಮೂವತ್ತು ವರ್ಷಗಳ ಹಿಂದೆ ಕರಾವಳಿಯಲ್ಲಿ ಪ್ರವಾಸಿ ಎಂದರೆ ಎರಡೇ ಬಗೆ. ಒಂದು ದೇವಸ್ಥಾನಕ್ಕೆ ಬರುವ ಯಾತ್ರಿಕ, ಇನ್ನೊಂದು ಗೋವಾದಿಂದ ಗೋಕರ್ಣಕ್ಕೆ ಬರುವ ವಿದೇಶಿ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡಲಾರಂಭಿಸಿತು. ಹೆದ್ದಾರಿ ಅಗಲವಾಯಿತು. ಮುರ್ಡೇಶ್ವರದಲ್ಲಿ ದಿವಂಗತ ಆರ್. ಎನ್. ಶೆಟ್ಟಿಯವರು 123 ಅಡಿಯ ಶಿವನ ಮೂರ್ತಿಯನ್ನೂ 237 ಅಡಿಯ ರಾಜಗೋಪುರವನ್ನೂ ಕಟ್ಟಿಸಿದ ಮೇಲೆ ಒಂದು ಮೀನುಗಾರಿಕೆಯ ಹಳ್ಳಿ ರಾಜ್ಯದ ಪ್ರಮುಖ ಪ್ರವಾಸಿ ತಾಣವಾಯಿತು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಇನ್ನೊಂದು ಬದಲಾವಣೆ ತಂದಿತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಬೇಡವಾಯಿತು. ಬೆಳಗಾವಿ ಜಿಲ್ಲೆಯೂ ಉತ್ತರ ಕನ್ನಡ ಜಿಲ್ಲೆಯೂ ಒಂದೇ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವ್ಯಾಪ್ತಿಯಲ್ಲಿವೆ. ತವರು, ಜಾತ್ರೆ, ಸಂತೆ ಬಿಟ್ಟರೆ ಬೇರೆಡೆಗೆ ಹೋಗದಿದ್ದ ಹೆಂಗಸರು ಈಗ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಇದನ್ನು ಲೇವಡಿ ಮಾಡುವವರಿದ್ದಾರೆ. ಆದರೆ ಹೊಲ, ಮನೆ, ದನಗಳ ಮಧ್ಯೆ ನಲವತ್ತು ವರ್ಷ ದುಡಿದ ಒಬ್ಬ ತಾಯಿ ಮೊದಲ ಬಾರಿಗೆ ಕಡಲಿಗೆ ಕಾಲೊಡ್ಡಿ ನಿಂತರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಈ ಪ್ರವಾಸಿ ರೆಸಾರ್ಟಿಗೆ ಹೋಗುವುದಿಲ್ಲ. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ. ಗಾಳಿಮರದ ನೆರಳಲ್ಲಿ ಕುಳಿತು ಉಂಡು, ಎರಡು ಎಳನೀರು, ನಾಲ್ಕು ಚಹಾ, ಮಕ್ಕಳಿಗೊಂದು ಆಟಿಕೆ, ಒಂದು ದೋಣಿ ಸವಾರಿ: ಅಷ್ಟೇ ಖರ್ಚು. 'ಘಟ್ಟದ ಮೇಲಿನವರು ಬಂದು ಗಲೀಜು ಮಾಡಿ ಹೋಗುತ್ತಾರೆ, ದುಡ್ಡು ಬಿಡುವುದಿಲ್ಲ' ಎಂಬ ದೂರು ನಮ್ಮ ಊರುಗಳಲ್ಲಿ ಸಾಮಾನ್ಯ. ಗಲೀಜಿನ ಮಾತು ಸುಳ್ಳಲ್ಲ. ಆದರೆ ನೂರಾರು ಬಸ್ಸು ಬರುವ ಜಾಗದಲ್ಲಿ ಶೌಚಾಲಯ ಎಷ್ಟಿವೆ, ಕಸದ ತೊಟ್ಟಿ ಎಷ್ಟಿವೆ, ಅಡುಗೆ ಮಾಡಿಕೊಳ್ಳಲು ಜಾಗ ಎಲ್ಲಿದೆ ಎಂದು ಕೇಳದೆ ತಪ್ಪೆಲ್ಲ ಬಂದವರದ್ದೇ ಎನ್ನುವುದು ನ್ಯಾಯವಲ್ಲ.

ದುಡ್ಡಿನ ಮಾತನ್ನೂ ಯೋಚಿಸಬೇಕು. 2020ರಲ್ಲಿ ಕೊರೊನಾ ಬಂದಾಗ ವಿದೇಶಿ ಪ್ರವಾಸಿ ಒಂದೇ ವಾರದಲ್ಲಿ ಮಾಯವಾದ. ನಿರ್ಬಂಧ ಸಡಿಲವಾದ ಮೇಲೆ ಮೊದಲು ಮರಳಿದವನು ನಮ್ಮ ನಾಡಿನವನೇ. ಅವನು ಬಿಡುವ ಹಣ ಸಣ್ಣದು. ಆದರೆ ಅದು ಎಳನೀರಿನ ಅಂಗಡಿಗೆ, ಚಹಾದ ಗೂಡಂಗಡಿಗೆ, ದೋಣಿಯವನಿಗೆ ನೇರವಾಗಿ ಸಿಗುತ್ತದೆ.

ಮರೆಯಬಾರದ ಮೂರು ದಿನಗಳು

2019ರ ಜನವರಿ 21. ಕಾರವಾರದ ಬಳಿಯ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಮರಳುವಾಗ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ಬಂದವರು, ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಜೀವರಕ್ಷಕ ಜಾಕೆಟ್ ಇರಲಿಲ್ಲ ಎಂಬುದು ಅಂದು ಎಲ್ಲರ ಬಾಯಲ್ಲಿದ್ದ ಮಾತು.

2022ರ ಏಪ್ರಿಲ್ 7. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಕೊಟ್ಟಾಯಂ ಕಡೆಯಿಂದ ಪ್ರವಾಸ ಬಂದಿದ್ದ ಇಂಜಿನಿಯರಿಂಗ್ ಕಾಲೇಜಿನ ಮೂವರು ವಿದ್ಯಾರ್ಥಿಗಳು ನೀರುಪಾಲಾದರು.

2024ರ ಡಿಸೆಂಬರ್ 10. ಮುರ್ಡೇಶ್ವರ ತೀರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳನ್ನು ಅಲೆ ಎಳೆದೊಯ್ದಿತು. ಜೊತೆಗೆ ಬಂದಿದ್ದ ಶಿಕ್ಷಕರ ಬಂಧನವಾಯಿತು, ಮುಖ್ಯೋಪಾಧ್ಯಾಯರ ಮೇಲೆ ಕ್ರಮವಾಯಿತು, ಮೃತರ ಕುಟುಂಬಗಳಿಗೆ ಸರ್ಕಾರ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ತೀರವನ್ನು ಕೆಲ ಕಾಲ ಪ್ರವಾಸಿಗರಿಗೆ ಮುಚ್ಚಲಾಯಿತು.

ಮೂರೂ ಘಟನೆಗಳಲ್ಲಿ ಒಂದು ಸಮಾನ ಅಂಶವಿದೆ. ಸತ್ತವರಲ್ಲಿ ಹೆಚ್ಚಿನವರು ಈ ತೀರದವರಲ್ಲ, ಇಲ್ಲಿಯ ನೀರಿನ ಗುಣ ಅರಿಯದವರು. ಕಾಲುವೆಯಲ್ಲಿ ಈಜಿ ಬೆಳೆದ ಹುಡುಗನಿಗೆ ಹರಿವು ಒಂದೇ ದಿಕ್ಕಿಗೆ ಇರುತ್ತದೆ ಎಂಬ ನಂಬಿಕೆ. ಕಡಲು ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿನ ದಿಣ್ಣೆಗಳ ನಡುವಿನ ಕಿರಿದಾದ ಜಾಗ ಹುಡುಕಿಕೊಂಡು ರಭಸದಿಂದ ಹಿಂದಕ್ಕೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದ ನೋಡುವವನಿಗೆ ಅದೇ ಶಾಂತವಾಗಿ, ಇಳಿಯಲು ಯೋಗ್ಯವಾಗಿ ಕಾಣುತ್ತದೆ. ಇಳಿದವನನ್ನು ಸೆಳೆತ ತಳಕ್ಕೆ ಎಳೆಯುವುದಿಲ್ಲ, ಆಳಕ್ಕೆ ಒಯ್ಯುತ್ತದೆ. ಅವನು ದಡದ ಕಡೆಗೇ ನೇರವಾಗಿ ಈಜಲು ಹೆಣಗಿ, ದಣಿದು ಮುಳುಗುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಹೊರಬರಲು ಸಾಧ್ಯ. ಈಜಲಾಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು.

ನಮ್ಮ ಮೀನುಗಾರರ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬರುವ ಮಕ್ಕಳಿಗೆ ಮಾತ್ರ ಯಾರೂ ಹೇಳುವುದಿಲ್ಲ. 'ಅಪಾಯ, ನೀರಿಗಿಳಿಯಬೇಡಿ' ಎಂದು ಬರೆದ ತುಕ್ಕು ಹಿಡಿದ ಫಲಕಕ್ಕೆ ನಮ್ಮ ಕೆಲಸ ಮುಗಿಯುತ್ತದೆ. ಇನ್ನೂರು ಕಿಲೋಮೀಟರ್ ದೂರದಿಂದ ಕಡಲು ನೋಡಲೆಂದೇ ಬಂದವನು ಫಲಕ ಓದಿ ಹಿಂತಿರುಗುತ್ತಾನೆಯೇ? ಎಲ್ಲಿ ಇಳಿಯಬಹುದು, ಎಷ್ಟು ಆಳದವರೆಗೆ, ಯಾವ ಹೊತ್ತಿನಲ್ಲಿ ಎಂದು ತೋರಿಸುವ ವ್ಯವಸ್ಥೆ ಇದ್ದರೆ ಅವನು ಕೇಳುತ್ತಾನೆ. ಎಲ್ಲವನ್ನೂ ಬೇಡ ಎಂದರೆ ಯಾವುದನ್ನೂ ಕೇಳುವುದಿಲ್ಲ. ತೀರದಲ್ಲಿ ಜೀವ ಉಳಿಸುವ ಹುಡುಗರು ಬಹುತೇಕ ಕಡೆ ಗುತ್ತಿಗೆಯ ಮೇಲೆ ದುಡಿಯುವವರು. ಸತ್ತಾಗ ಶಿಕ್ಷಕರನ್ನು ಬಂಧಿಸುವ ವ್ಯವಸ್ಥೆಗೆ ಸಾಯದಂತೆ ನೋಡಿಕೊಳ್ಳುವವನ ಕೆಲಸವನ್ನು ಖಾಯಂ ಮಾಡುವುದು ಯಾಕೆ ಹೊಳೆಯುವುದಿಲ್ಲ?

ಹೈಟಿಯ ಎರಡು ಊರುಗಳು

ಸಣ್ಣ ಕಡಲೂರು ಮತ್ತು ಪ್ರವಾಸಿಯ ಸಂಬಂಧ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ತಿಳಿಯಲು ಕೆರಿಬಿಯನ್ ಸಮುದ್ರದ ಹೈಟಿ ದೇಶದ ಕಡೆ ನೋಡಬಹುದು. ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರ ಮಾಡಿಕೊಂಡ ನಾಡು ಅದು. ಜನರಲ್ಲಿ ಬಹುಪಾಲು ಕ್ರೈಸ್ತರು, ಅವರಲ್ಲಿ ಕಥೋಲಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಪತ್ರಿಕೆಗಳಲ್ಲಿ ಹೈಟಿಯ ಹೆಸರು ಬರುವುದು ಭೂಕಂಪ, ಚಂಡಮಾರುತ, ಗುಂಡಿನ ಕಾಳಗ ಇವುಗಳ ಜೊತೆ ಮಾತ್ರ. ಆದರೆ ಅಲ್ಲಿಯೂ ಪ್ರವಾಸಿಗಳು ಹೋಗಿ ಬರುತ್ತಿದ್ದ ಚಂದದ ಸಣ್ಣ ಊರುಗಳಿವೆ.

ಒಂದು, ಉತ್ತರ ತೀರದ ಲಬಾದಿ. 1980ರ ದಶಕದಿಂದ ರಾಯಲ್ ಕೆರಿಬಿಯನ್ ಎಂಬ ಹಡಗು ಕಂಪನಿ ಇಲ್ಲಿಯ ಕಡಲ ತೀರವನ್ನು ಗುತ್ತಿಗೆ ಪಡೆದು ತನ್ನ ಪ್ರವಾಸಿಗಳಿಗಾಗಿ ಸಜ್ಜುಗೊಳಿಸಿತು. ಸುತ್ತ ಬೇಲಿ, ಕಾವಲು. ಸಾವಿರಾರು ಜನರನ್ನು ಹೊತ್ತ ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತಿತ್ತು. ಬೇಲಿಯೊಳಗೆ ಊಟ, ಆಟ, ಆಯ್ದ ಕೆಲವು ಸ್ಥಳೀಯರ ಅಂಗಡಿಗಳು. ಬೇಲಿಯಾಚೆಯ ಊರಿಗೆ ಪ್ರವಾಸಿ ಕಾಲಿಡುವುದಿಲ್ಲ. ಒಂದು ಕಾಲಕ್ಕೆ ಕಂಪನಿಯ ಪ್ರಚಾರದಲ್ಲಿ ಹೈಟಿ ಎಂಬ ಹೆಸರನ್ನೇ ಬಿಟ್ಟು ಇಡೀ ದ್ವೀಪದ ಹಳೆಯ ಹೆಸರಾದ ಹಿಸ್ಪಾನಿಯೋಲ ಎಂದು ಹೇಳಲಾಗುತ್ತಿತ್ತು. ಕೆಲವರಿಗೆ ಉದ್ಯೋಗ ಸಿಕ್ಕಿತು, ಸರ್ಕಾರಕ್ಕೆ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಸುಂಕ ಸಿಕ್ಕಿತು. ಆದರೆ ದೇಶದ ಪರಿಸ್ಥಿತಿ ಕೆಟ್ಟಾಗ ಹಡಗು ಬರುವುದು ನಿಂತಿತು. 2024ರ ಮಾರ್ಚ್‌ನಲ್ಲಿ ನಿಂತು, ಅದೇ ವರ್ಷ ಮತ್ತೆ ಬಂದು, 2025ರಲ್ಲಿ ಪುನಃ ನಿಂತಿತು. ಹಡಗಿಗೆ ಬೇರೆ ದ್ವೀಪವಿದೆ. ಲಬಾದಿಯವರಿಗೆ ಬೇರೆ ಹಡಗಿಲ್ಲ.

ಇನ್ನೊಂದು, ದಕ್ಷಿಣ ತೀರದ ಜಾಕ್ಮೆಲ್. ಕಾಫಿ ವ್ಯಾಪಾರದಿಂದ 19ನೇ ಶತಮಾನದಲ್ಲಿ ಬೆಳೆದ ಪಟ್ಟಣ. ವರ್ತಕರು ಕಟ್ಟಿಸಿದ ಕಬ್ಬಿಣದ ಕಂಬಗಳ ಮಹಡಿ ಮನೆಗಳು, ತಪಸ್ಸು ಕಾಲಕ್ಕೆ ಮುಂಚಿನ ಕಾರ್ನಿವಲ್, ಕಾಗದದ ತಿರುಳಿನಿಂದ ಮಾಡಿದ ಬಣ್ಣದ ಮುಖವಾಡಗಳು ಇದರ ಹೆಸರನ್ನು ದೂರ ಒಯ್ದವು. 1988ರಲ್ಲಿ ಇದು ಧರ್ಮಪ್ರಾಂತ್ಯವೂ ಆಯಿತು. ಇಲ್ಲಿ ಬೇಲಿ ಇರಲಿಲ್ಲ. ಪ್ರವಾಸಿ ಊರೊಳಗೆ ನಡೆದು ಕುಶಲಕರ್ಮಿಯ ಮನೆಯಲ್ಲೇ ಮುಖವಾಡ ಕೊಳ್ಳುತ್ತಿದ್ದ. 2010ರ ಜನವರಿ 12ರ ಭೂಕಂಪ ಈ ಪಟ್ಟಣವನ್ನೂ ಜಖಂಗೊಳಿಸಿತು, ಊರು ಮತ್ತೆ ಎದ್ದು ನಿಂತಿತು. ನಂತರದ ಪೆಟ್ಟು ಬಿದ್ದದ್ದು ಊರಿಗಲ್ಲ, ರಸ್ತೆಗೆ. 2021ರ ಜೂನ್‌ನಿಂದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಮಾರ್ಟಿಸಾಂಟ್ ಬಡಾವಣೆ ಶಸ್ತ್ರಧಾರಿ ಗುಂಪುಗಳ ಕೈಗೆ ಹೋಯಿತು. ಅದೇ ವರ್ಷದ ಜುಲೈ 7ರಂದು ರಾಷ್ಟ್ರಾಧ್ಯಕ್ಷ ಜೊವೆನೆಲ್ ಮೊಯಿಸ್ ಅವರ ಹತ್ಯೆಯಾಯಿತು. ದಾರಿ ಮುಚ್ಚಿದ ಮೇಲೆ ಪ್ರವಾಸಿ ಮಾತ್ರವಲ್ಲ, ದಿನಸಿ, ಇಂಧನ, ಔಷಧಿ ಬರುವುದೂ ಕಷ್ಟವಾಯಿತು.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಹೈಟಿಯಲ್ಲಿ 5,600ಕ್ಕೂ ಹೆಚ್ಚು ಜನ ಹಿಂಸೆಗೆ ಬಲಿಯಾದರು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತ ಸರ್ಕಾರ 'ಆಪರೇಷನ್ ಇಂದ್ರಾವತಿ' ನಡೆಸಿ 12 ಮಂದಿ ಭಾರತೀಯರನ್ನು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸಿತು. 2025ರ ಮಾರ್ಚ್ 31ರಂದು ಮಿರೆಬಾಲೆ ಪಟ್ಟಣದಲ್ಲಿ ಇಬ್ಬರು ಧರ್ಮಭಗಿನಿಯರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಹೊರಗಿನವರು ಹೊರಟುಹೋಗಬಹುದು. ಊರಿನವರು, ಊರಿನವರ ಜೊತೆ ಉಳಿಯಲು ನಿಶ್ಚಯಿಸಿದವರು, ಅಲ್ಲೇ ಇರುತ್ತಾರೆ.

ನಮ್ಮಲ್ಲಿ ಶಸ್ತ್ರಧಾರಿ ಗುಂಪುಗಳಿಲ್ಲ, ಅಂತಹ ಅರಾಜಕತೆ ಇಲ್ಲ. ದೇವರ ದಯೆ. ಆದ್ದರಿಂದ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಎರಡು ಪಾಠಗಳು ನಮಗೂ ಅನ್ವಯಿಸುತ್ತವೆ. ಒಂದು ಬೇಲಿಯದ್ದು, ಇನ್ನೊಂದು ದಾರಿಯದ್ದು.

ಬೇಲಿಯ ಪಾಠ

ಕಡಲ ತೀರ ಖಾಲಿ ಜಾಗವಲ್ಲ. ಅದು ಮೀನುಗಾರನ ಅಂಗಳ. ದೋಣಿ ಎಳೆದಿಡುವುದು, ಬಲೆ ಹರಡಿ ಸರಿಪಡಿಸುವುದು, ಮೀನು ಒಣಗಿಸುವುದು, ರಂಪಣಿ ಎಳೆಯುವುದು ಎಲ್ಲವೂ ಅಲ್ಲೇ. ಪ್ರವಾಸಿಗೆ ಕುರ್ಚಿ ಹಾಕಲು ಜಾಗ ಬೇಕಾದಾಗ ಮೊದಲು ಸರಿಯಬೇಕಾಗುವುದು ಒಣಮೀನಿನ ಹೆಂಗಸು. ವಾಸನೆ ಬರುತ್ತದೆ ಎಂಬುದು ಅವಳ ಮೇಲಿನ ಆರೋಪ.

ಹೊನ್ನಾವರದ ಕಾಸರಕೋಡು ಇದಕ್ಕೆ ಒಳ್ಳೆಯ ಉದಾಹರಣೆ. 2020ರಲ್ಲಿ ಅಲ್ಲಿಯ ತೀರಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಸ್ವಚ್ಛ ಮರಳು, ಶೌಚಾಲಯ, ಸ್ನಾನದ ಕೋಣೆ, ಜೀವರಕ್ಷಕರು ಇದ್ದರೆ ತೀರ ಎಷ್ಟು ಚೆನ್ನಾಗಿರಬಲ್ಲದು ಎಂಬುದನ್ನು ಅವು ತೋರಿಸಿವೆ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಳಿಂದ ಹೋರಾಡುತ್ತಿವೆ. ಒಂದು ಕಡೆ ತೀರವನ್ನು ಪ್ರವಾಸಿಗಾಗಿ ಕಾಪಾಡುತ್ತೇವೆ, ಇನ್ನೊಂದು ಕಡೆ ಅದೇ ತೀರದಿಂದ ಮೂಲನಿವಾಸಿಯನ್ನು ಎಬ್ಬಿಸುತ್ತೇವೆ ಎಂದರೆ ನಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

2019ರ ಜನವರಿಯಲ್ಲಿ ಹೊರಬಂದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿತು. ತೀರದಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಅವಕಾಶ ಕೊಟ್ಟಿತು. ಇದರಿಂದ ಮನೆ ಕಟ್ಟಲಾಗದೆ ಒದ್ದಾಡುತ್ತಿದ್ದ ತೀರವಾಸಿಗೆ ಅನುಕೂಲವಾಗಬಹುದು. ಆದರೆ ಅದೇ ಬಾಗಿಲಿನಿಂದ ಹೊರಗಿನ ಬಂಡವಾಳವೂ ಬರುತ್ತದೆ. ಎರಡು ಸೆಂಟ್ಸ್ ಜಾಗದ ಮೀನುಗಾರ ತನ್ನ ಮನೆಯ ಒಂದು ಕೋಣೆಯನ್ನು ಹೋಂಸ್ಟೇ ಮಾಡಿದರೆ ಲಾಭ ಊರಲ್ಲಿ ಉಳಿಯುತ್ತದೆ. ಅದೇ ಜಾಗವನ್ನು ಮಾರಿ, ಅಲ್ಲೇ ಎದ್ದ ರೆಸಾರ್ಟಿನಲ್ಲಿ ಕಾವಲುಗಾರನಾದರೆ ಅವನಿಗೆ ಸಿಗುವುದು ಸಂಬಳ ಮಾತ್ರ, ತೀರ ಸಿಗುವುದಿಲ್ಲ. ಲಬಾದಿಯ ಬೇಲಿ ಒಂದೇ ದಿನದಲ್ಲಿ ಎದ್ದದ್ದಿರಬಹುದು. ನಮ್ಮಲ್ಲಿ ಅದು ಒಂದೊಂದೇ ಕಂಬವಾಗಿ ಏಳುತ್ತಿದೆ.

ಜೂನ್, ಜುಲೈ ತಿಂಗಳುಗಳ ಮಾತನ್ನೂ ಸೇರಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದೇ ತಿಂಗಳುಗಳಲ್ಲಿ ಜಲಕ್ರೀಡೆ, ದೋಣಿ ವಿಹಾರವೂ ಬಂದ್. ಮೀನುಗಾರಿಕೆ ಬಿಟ್ಟು ಪೂರ್ತಿಯಾಗಿ ಪ್ರವಾಸಿಯನ್ನೇ ನಂಬಿದರೂ ಮಳೆಗಾಲದ ಹೊಟ್ಟೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದಾರಿಯ ಪಾಠ

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಹೆದ್ದಾರಿಯ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿ ಚಾಲಕರು, ಗಂಗಾವಳಿ ನದಿಯ ಆಚೆ ದಡದ ಉಳುವರೆಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಹಾದಿಹೋಕನಿಗೆ ಚಹಾ ಕೊಡುತ್ತಿದ್ದವರನ್ನೇ ಹಾದಿ ನುಂಗಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ನದಿಯಿಂದ ಹೊರಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಮೂರೇ ವಾರದ ನಂತರ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು.

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರದ ಬಳಿ ಲಾರಿ ಉರುಳಿ ಕನಿಷ್ಠ 10 ಜನ ಸತ್ತರು. ಅವರು ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ತರುತ್ತಿದ್ದ ವ್ಯಾಪಾರಿಗಳು. ನಮ್ಮ ಸಂತೆಯ ಬುಟ್ಟಿ ತುಂಬುವುದು ಘಟ್ಟದ ಮೇಲಿನ ಇಂಥವರಿಂದ. ನಮ್ಮ ಮೀನು ಇದೇ ದಾರಿಯಲ್ಲಿ ಮೇಲೆ ಹೋಗುತ್ತದೆ. ಮಲ್ಪೆ, ಮಂಗಳೂರಿನ ಕಟ್ಟಡಗಳಲ್ಲಿ, ಬಂದರುಗಳಲ್ಲಿ ಬೆವರು ಸುರಿಸುವ ಉತ್ತರ ಕರ್ನಾಟಕದ ಕೂಲಿಕಾರರೂ ಇದೇ ದಾರಿಯಲ್ಲಿ ಬರುತ್ತಾರೆ.

ಜಾಕ್ಮೆಲ್‌ನ ಅನುಭವ ಹೇಳುವುದು ಇದನ್ನೇ. ಕಡಲೂರಿನ ಬದುಕು ಕಡಲಿನಿಂದ ಎಷ್ಟೋ, ದಾರಿಯಿಂದಲೂ ಅಷ್ಟೇ. ಗುಡ್ಡವನ್ನು ನೇರವಾಗಿ ಕಡಿದು ಹೆದ್ದಾರಿ ಅಗಲ ಮಾಡಿದರೆ ಪ್ರವಾಸಿ ಬೇಗ ಬರಬಹುದು. ಒಂದು ಮಳೆಗಾಲದಲ್ಲಿ ದಾರಿಯೇ ಇಲ್ಲದಂತೆ ಆಗಲೂಬಹುದು.

ಅನುಮಾನದ ಕಣ್ಣು

ಇನ್ನೊಂದು ವಿಷಯ. ಸುದ್ದಿಯ ಅಬ್ಬರದಲ್ಲಿ ನಾವು ಒಂದು ಊರನ್ನು, ಒಂದು ಜನವರ್ಗವನ್ನು ಒಂದೇ ಘಟನೆಯಿಂದ ಅಳೆಯುತ್ತೇವೆ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ವಿದೇಶಿ ಮಹಿಳೆ ಹಾಗೂ ಹೋಂಸ್ಟೇ ನಡೆಸುತ್ತಿದ್ದ ಸ್ಥಳೀಯ ಮಹಿಳೆಯ ಮೇಲೆ ಘೋರ ಅತ್ಯಾಚಾರ ನಡೆಯಿತು. ಜೊತೆಗಿದ್ದ ಒಡಿಶಾದ ಯುವಕನನ್ನು ಕಾಲುವೆಗೆ ತಳ್ಳಿ ಕೊಲ್ಲಲಾಯಿತು. ಅಂದು ಅತಿಥಿಗೂ ಆತಿಥ್ಯ ಕೊಟ್ಟವಳಿಗೂ ಒಂದೇ ಗತಿಯಾಯಿತು. ಅದೇ ವರ್ಷದ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ರಷ್ಯಾದ ಮಹಿಳೆಯೊಬ್ಬರು ಇಬ್ಬರು ಪುಟ್ಟ ಮಕ್ಕಳೊಂದಿಗೆ ಇದ್ದುದು ಪತ್ತೆಯಾದಾಗ ಟಿ.ವಿ.ಗಳು ದಿನವಿಡೀ ಅದನ್ನೇ ತೋರಿಸಿದವು. ಮೊದಲನೆಯ ಘಟನೆಯಿಂದ 'ಇಲ್ಲಿಗೆ ಬರಬೇಡಿ' ಎಂಬ ಮಾತು ಹುಟ್ಟಿತು, ಎರಡನೆಯದರಿಂದ 'ವಿದೇಶಿಗಳೆಲ್ಲ ಹೀಗೆಯೇ' ಎಂಬ ಮಾತು. ಎರಡೂ ಅವಸರದ ಮಾತುಗಳು. ಹೈಟಿಯ ಜನ ಇಂತಹ ಅವಸರದ ಮಾತುಗಳ ಭಾರವನ್ನು ಬಹಳ ಕಾಲದಿಂದ ಹೊತ್ತಿದ್ದಾರೆ. ಎಚ್ಚರಿಕೆ ಬೇಕು, ಪೊಲೀಸ್ ಗಸ್ತು ಬೇಕು, ರಾತ್ರಿ ದೀಪ ಬೇಕು. ಅನುಮಾನ ಮಾತ್ರ ವ್ಯವಸ್ಥೆಯಲ್ಲ.

ನಾವೇನು ಮಾಡಬಹುದು?

ಸರ್ಕಾರ ಮಾಡಬೇಕಾದದ್ದನ್ನು ಕೇಳುತ್ತಲೇ ಇರಬೇಕು: ಖಾಯಂ ಜೀವರಕ್ಷಕರು, ಗುರುತು ಹಾಕಿದ ಈಜು ವಲಯ, ದೋಣಿಗಳ ತಪಾಸಣೆ, ಬಸ್ ನಿಲ್ಲುವಲ್ಲಿ ಶೌಚಾಲಯ, ಗುಡ್ಡಗಳ ಪರಿಶೀಲನೆ. ಅದರ ಜೊತೆಗೆ ನಮ್ಮ ಧರ್ಮಕೇಂದ್ರಗಳ, ಶಾಲೆಗಳ ಕೈಯಲ್ಲೇ ಇರುವ ಕೆಲವು ಕೆಲಸಗಳಿವೆ.

1. ಪ್ರವಾಸ ಹೊರಡುವ ಶಾಲೆ ಘಟ್ಟದ ಮೇಲಿನದಿರಲಿ, ಕೆಳಗಿನದಿರಲಿ, ಹೊರಡುವ ಮುನ್ನ ಅರ್ಧ ಗಂಟೆ ಕಡಲಿನ ಸೆಳೆತದ ಬಗ್ಗೆ ಮಕ್ಕಳಿಗೆ ಹೇಳಲಿ. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ, ನೀರಿನ ಬಳಿ ಯಾರ ಜವಾಬ್ದಾರಿ ಯಾರಿಗೆ ಎಂಬುದು ಬರವಣಿಗೆಯಲ್ಲಿರಲಿ. ಬೆಳಗಾವಿ ಕಡೆಯ ನಮ್ಮ ಶಾಲೆಗಳು ಕರಾವಳಿಯ ಧರ್ಮಕೇಂದ್ರಕ್ಕೆ ಮುಂಚಿತವಾಗಿ ಒಂದು ಫೋನ್ ಮಾಡಿದರೆ ತೀರವನ್ನು ಬಲ್ಲ ಒಬ್ಬ ಯುವಕನನ್ನು ಜೊತೆಗೆ ಕಳುಹಿಸುವುದು ಕಷ್ಟದ ಕೆಲಸವಲ್ಲ.

2. ಕಡಲ ತೀರದ ಧರ್ಮಕೇಂದ್ರಗಳ ಯುವ ಸಂಘಟನೆಗಳು ಡಿಸೆಂಬರ್, ಜನವರಿಯ ಭಾನುವಾರಗಳಲ್ಲಿ ಸರದಿಯಂತೆ ತೀರದಲ್ಲಿ ನಿಲ್ಲಲಿ. ಗದರಿಸಲು ಅಲ್ಲ, 'ಅಕ್ಕಾ, ಇಲ್ಲಿ ಬೇಡ, ಅಲ್ಲಿ ಇಳಿಯಿರಿ' ಎಂದು ತೋರಿಸಲು. ಫಲಕ ಕೇಳದವರು ಮನುಷ್ಯನ ಮಾತು ಕೇಳುತ್ತಾರೆ.

3. ಜಾಗ ಮಾರುವ ಯೋಚನೆಯಲ್ಲಿರುವ ತೀರದ ಕುಟುಂಬಗಳಿಗೆ ಕಿರು ಕ್ರೈಸ್ತ ಸಮುದಾಯಗಳ ಮೂಲಕ ಕಾನೂನು ಸಲಹೆ ಸಿಗಲಿ. ಮಹಿಳಾ ಸಂಘಗಳು ಸೇರಿ ಊಟದ ಮನೆ, ಒಣಮೀನು, ಉಪ್ಪಿನಕಾಯಿ ಮಾರಾಟಕ್ಕೆ ಕೈ ಹಾಕಿದರೆ ಬ್ಯಾಂಕ್ ಸಾಲಕ್ಕೆ ನಮ್ಮ ಸಮಾಜಸೇವಾ ಘಟಕಗಳು ದಾರಿ ತೋರಿಸಬಲ್ಲವು.

4. ಚರ್ಚಿನ ಆವರಣದ ಶೌಚಾಲಯ, ಕುಡಿಯುವ ನೀರು ರಜಾ ದಿನಗಳಲ್ಲಿ ದಾರಿಹೋಕರಿಗೆ ತೆರೆದಿರಲಿ. ನಿರ್ವಹಣೆಯ ತೊಂದರೆ ಇದೆ, ನಿಜ. ಆದರೆ ಪುಟ್ಟ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 27ರ ವಿಶ್ವ ಪ್ರವಾಸೋದ್ಯಮ ದಿನಕ್ಕೆ ವ್ಯಾಟಿಕನ್ ಒಂದು ಸಂದೇಶ ಹೊರಡಿಸುತ್ತದೆ. ಅದನ್ನು ಓದಿ ಬದಿಗಿಡುವ ಬದಲು ನಮ್ಮ ಪಾಲನಾ ಪರಿಷತ್ತಿನ ಸಭೆಯಲ್ಲಿ ಆ ದಿನ ಒಂದೇ ಪ್ರಶ್ನೆ ಚರ್ಚಿಸಿದರೂ ಸಾಕು: ಈ ವರ್ಷ ನಮ್ಮ ತೀರಕ್ಕೆ ಬಂದವರಲ್ಲಿ ಎಲ್ಲರೂ ಮನೆಗೆ ಮರಳಿದರೇ? ನಮ್ಮ ತೀರದವರಲ್ಲಿ ಎಲ್ಲರೂ ತಮ್ಮ ತೀರದಲ್ಲೇ ಉಳಿದರೇ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ. ಅದರ ಹಿಂದೆ ಇಡೀ ನಾಡಿದೆ. ಕಲ್ಲೋಳಿಯ ಹುಡುಗಿಗೆ ಕಡಲು ನೋಡುವ ಹಕ್ಕು ಎಷ್ಟಿದೆಯೋ, ಕಾಸರಕೋಡಿನ ಹೆಂಗಸಿಗೆ ಅದೇ ಕಡಲ ದಡದಲ್ಲಿ ಮೀನು ಒಣಗಿಸುವ ಹಕ್ಕೂ ಅಷ್ಟೇ ಇದೆ. ಈ ಎರಡೂ ಹಕ್ಕುಗಳು ಒಟ್ಟಿಗೆ ನಿಲ್ಲುವಂತೆ ಮಾಡಲಾಗದಿದ್ದರೆ ನಾವು ಎಷ್ಟು ಗೋಪುರ, ಎಷ್ಟು ಜಟ್ಟಿ ಕಟ್ಟಿದರೂ ಅದನ್ನು ಅಭಿವೃದ್ಧಿ ಎನ್ನಲಾಗದು.